ದಿನಕ್ಕೆ ಮೂರು ಲೋಟ

ಆಟ ಶುರು ಮಾಡಿದ್ದು ಮಸ್ತಾನ್ ಸಾಬರು.
ಬಿನ್ನಿ ಮಿಲ್ಲಿನಲ್ಲಿ ನೂಲು ಸುತ್ತಿದವರು, ನಾಲ್ಕನೇ ಮೆಷಿನ್ನು.
ಸೂಜಿ ಎರಡೂ ಕೂತು, ಟೇಪು ಅಂಟಿಸಿ,
ಕೊಳವೆಯಲ್ಲಿ ರಕ್ತ ಹೊರಟ ಮೇಲೆ ಕೇಳಿದರು:
"ಕಲಾವತಮ್ಮ, ಎಲ್ಲಿಗೆ ಬೇಕಾದರೂ ಹೋಗು ಅಂತ ಮೇಲಿನವನು ಬಿಟ್ಟರೆ
ಯಾವ ಕಾಲಕ್ಕೆ ಹೋಗ್ತೀರಿ?"

ಮಲ್ಲೇಶ್ವರದ ಸರ್ಕಾರಿ ಆಸ್ಪತ್ರೆ, ಬುಧವಾರ, ಬೆಳಗಿನ ಪಾಳಿ.
ಕಿಟಕಿಯಾಚೆ ಟ್ಯಾಂಕರು ರಿವರ್ಸು ತಗೊಳ್ಳುತ್ತ ಕೂಗುತ್ತಿತ್ತು.
ನಾಲ್ಕು ಗಂಟೆ ಕಳೆಯಬೇಕಲ್ಲ.

ಅವರದು ಮೊದಲೇ ಗೊತ್ತಿತ್ತು ಬಿಡಿ: ಪೇಟೆಗೆ ಮಣ್ಣಿನ ಕೋಟೆ ಇದ್ದ ಕಾಲ.
"ಧರ್ಮಾಂಬುಧಿ ಕೆರೆ, ಈಗ ಮೆಜೆಸ್ಟಿಕ್ಕಲ್ಲಿ ಬಸ್ಸು ನಿಲ್ತಾವಲ್ಲ, ಅಲ್ಲೇ,
ಏರಿ ಇಳಿದು, ಬೊಗಸೆ ಗಿಗಸೆ ಇಲ್ಲ,
ದನದ ಹಾಗೆ ಬಾಯಿ ಹಾಕಿ ಕುಡೀತಿದ್ದೆ."
ಅಂದು ತುಟಿ ಸವರಿಕೊಂಡರು.
ವಾರ್ಡಿನ ಐದೂ ಜನ ತುಟಿ ಸವರಿಕೊಂಡೆವು.

ಯೂಲಾಲಿ ಮಿಸ್ಸಿಗೆ ಕಬ್ಬನ್ ಪಾರ್ಕಿನ ಬ್ಯಾಂಡು ಬೇಕು,
ಹತ್ತಿಯ ಗೌನು, ಜಟಕಾ, ಶನಿವಾರದ ಮ್ಯಾಟಿನಿ,
ಇಂಟರ್ವಲ್ಲಿನಲ್ಲಿ ಗೋಲಿ ಸೋಡಾ. ಇಡೀ ಬಾಟಲು.
ಟೆಕ್ನಿಷಿಯನ್ ಹುಡುಗ ಓಂಕಾರ ಮಾತ್ರ ಮುಂದಕ್ಕೆ ಹೋದ:
ಎರಡು ಸಾವಿರದ ತೊಂಬತ್ತು. ಜಾಡಿಯಲ್ಲಿ ಕಿಡ್ನಿ ಬೆಳೀತಾವಂತೆ,
ಕುಂಡದಲ್ಲಿ ಕೊತ್ತಂಬರಿ ಬಂದ ಹಾಗೆ.
ಆಗ ನಿನ್ನ ಕೆಲಸ ಹೋಗುತ್ತಲ್ಲೋ ಅಂದರೆ
ನಕ್ಕು ನನ್ನ ಬಿ.ಪಿ. ಬರೆದುಕೊಂಡ.

ನಾನು ಹಿಂದಕ್ಕೆ ಹೋಗಲಾರೆ.
ಹಿಂದೆ ಯಾವ ಮನೆಯ ಕದ ತಟ್ಟಿದರೂ ನಾನಾಗಲೇ ಸತ್ತಿರುತ್ತೇನೆ.
ನಮ್ಮಜ್ಜಿಯ ತಂಗಿ ದ್ಯಾವೀರಮ್ಮ, ಕಾಟನ್‌ಪೇಟೆ,
ಮೂವತ್ತೊಂದಕ್ಕೆ ಕಾಲು ಊದಿತು, ಮುಖ ಊದಿತು,
ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪು ಇಳಿತೆಗೆದರು.
ಕೈ ಊದಿ ಬಳೆ ಬರದೆ ಒಡೆದರಂತೆ,
ಗಂಡ ಎದುರಿಗೇ ಕೂತಿರುವಾಗ.
"ಮೈಯೆಲ್ಲ ನೀರು ಕಣೇ" ಅನ್ನುತ್ತಿದ್ದಳು ಅಜ್ಜಿ,
ಕೆರೆ ತುಂಬಿದ ಸುದ್ದಿ ಹೇಳುವ ದನಿಯಲ್ಲೇ.
ನನಗೀಗ ನಲವತ್ತಾರು. ಆ ಚಿಕ್ಕಜ್ಜಿಗಿಂತ
ಹದಿನೈದು ವರ್ಷ ದೊಡ್ಡವಳು.

ಮುಂದಿನ ಕಾಲದ ಆಸೆಯಿಲ್ಲ. ನಿಜ ಹೇಳಬೇಕೆಂದರೆ, ಇದೆ.
ಆದರೆ ಅಲ್ಲಿ ಶ್ರೀರಾಮಪುರದ ನನ್ನ ಅಂಗಡಿ ಇರಲ್ಲ,
ಫಾಲ್ಸು ಪೀಕೋಗೆ ಸೀರೆ ಕೊಟ್ಟು ಮರೆತು ಹೋದವರ
ಹನ್ನೊಂದು ಕವರು, ಅವನ್ನು ಯಾರಿಗೆ ಒಪ್ಪಿಸಲಿ?
ಆ ಕಾಲದವರು ನನ್ನ ಎಡತೋಳಿನ ಗಂಟುಗಂಟು ನರ ನೋಡಿ
ಅಯ್ಯೋ, ಆಗೆಲ್ಲ ಹೀಗೆ ಚುಚ್ಚುತ್ತಿದ್ದರೇ ಎಂದು ಬೆರಗಾದಾರು,
ನಾವು ಬೇವಿನ ಸೊಪ್ಪಿಗೆ ನಗುವ ಹಾಗೆ ನಕ್ಕಾರು.

ಈ ಕಾಲದ ಲೆಕ್ಕವಾದರೋ ನನಗೆ ಬಾಯಿಪಾಠ.
ನನ್ನ ರಕ್ತ ತೊಳೆಯಲು ಒಂದು ಸಲಕ್ಕೆ ನೂರಿಪ್ಪತ್ತು ಲೀಟರು ನೀರು,
ನೂರು ಕಿಲೋಮೀಟರು ಏರಿ ಬಂದ ಕಾವೇರಿ, ಸಾಲದಿದ್ದರೆ ಆ ಟ್ಯಾಂಕರು.
ನನಗೆ ಕುಡಿಯಲು ದಿನಕ್ಕೆ ಮೂರು ಲೋಟ, ಚಿಕ್ಕ ಲೋಟ,
ಸಾರು, ಕಾಫಿ, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಿ.
ಹೋದ ಮಾರ್ಚಿಯಲ್ಲಿ ಒಂದು ದಿನ ಟ್ಯಾಂಕರು ಬರಲಿಲ್ಲ.
ಎಂಟು ಜನ ಮೆಟ್ಟಿಲ ಮೇಲೆ ಕೂತು ಗೇಟು ನೋಡಿದೆವು,
ಮಧ್ಯಾಹ್ನದವರೆಗೆ. ಯಾರೂ ಮಾತಾಡಲಿಲ್ಲ.
ಅದೂ ಇದೇ ಕಾಲ.

"ನೀವು ಹೇಳಲೇ ಇಲ್ಲ" ಅಂದರು ಸಾಬರು.
ಗುರುವಾರ, ಅಂದೆ.
"ಯಾವ ಇಸವಿಯದು?"
ನಾಳೆಯದೇ ಸಾಬರೇ. ಸೂಜಿಯಿಲ್ಲದ ದಿನ. ಮೈ ಹಗುರ,
ಪೆಡಲು ತುಳಿದರೆ ಕಾಲು ಮಾತು ಕೇಳುತ್ತೆ.
ಮೂರು ಗಂಟೆಗೆ, ಬೀದಿ ಮಲಗಿದಾಗ,
ಬೆಳಗಿಂದ ಉಳಿಸಿದ ಒಂದು ಲೋಟ ಮಡಕೆಯಿಂದ ಬಗ್ಗಿಸಿ
ಗಟಗಟ ಕುಡಿಯುತ್ತೇನೆ, ಕೊನೆಯ ಹನಿಗೆ ಲೋಟ ತಟ್ಟಿ.

ಮೆಷಿನ್ನು ಕೀಂ ಅಂದಿತು. ಓಂಕಾರ ಬಂದು ಕೊಳವೆ ಸರಿಮಾಡಿದ.
ಸಾಬರು ಚಾವಣಿ ನೋಡುತ್ತ, ಎಷ್ಟೋ ಹೊತ್ತಿನ ಮೇಲೆ,
"ಮಡಕೆ ಎಲ್ಲಿ ತಗೊಂಡಿರಿ," ಅಂದರು,
"ಪಾಟರಿ ಟೌನಲ್ಲೋ?"