ಬೂದಿ ನೀರು

ಸೊಲ್ಲಾಪುರದಲ್ಲಿ ಎಣ್ಣೆಬಾವಿ ಇಲ್ಲ.
ಇಲ್ಲಿಯ ಕರಿಕಲ್ಲು ಹಾರೆಗೆ ಕಿಡಿ ಕೊಡುತ್ತದೆ,
ಬೇರೇನೂ ಕೊಡುವುದಿಲ್ಲ.
ಎಣ್ಣೆ ಕುಡಿದ ಕಲ್ಲು ಗುಜರಾತಿನಿಂದ ಬಂತು,
ಕಟ್ಟಿಗೆಯ ಪೆಟ್ಟಿಗೆಯಲ್ಲಿ, ಅರಳೆಯಲ್ಲಿ ಸುತ್ತಿ,
ಹನ್ನೆರಡು ತುಂಡು.
ಸಹಿ ಮಾಡಿ ಇಳಿಸಿಕೊಂಡವಳು ನಾನು.
ಎರಡು ಬೆರಳು ದಪ್ಪ, ಗೇಣಿಗೆ ಕಮ್ಮಿ ಉದ್ದ.
ಮೂಸಿದರೆ ಬಸ್ ಡಿಪೋದ ವಾಸನೆ.

ಬಿರಾಜದಾರ ಸರ್ ಹೇಳುತ್ತಾರೆ,
ನೆಲದೊಳಗೆ ಎಣ್ಣೆ ಕೆರೆಯಂತೆ ನಿಂತಿರುವುದಿಲ್ಲ,
ಕಲ್ಲಿನ ಬೆವರುಗಂಡಿಗಳಲ್ಲಿ ಅವಿತಿರುತ್ತದೆ.
ನೀರು ನೂಕಿ ನೂಕಿ ತೆಗೆದರೂ
ಅರ್ಧಕ್ಕರ್ಧ ಒಳಗೇ.

ನನಗಿದು ಹೊಸದಲ್ಲ.
ನಮ್ಮದು ಅಕ್ಕಲಕೋಟೆಯ ಗಾಣದ ಮನೆ.
ಕುಸುಬಿ ಅರೆದು ಅರೆದು ಎತ್ತು ನಿಂತ ಮೇಲೂ
ಹಿಂಡಿಯಲ್ಲಿ ಎಣ್ಣೆ ಉಳಿಯುತ್ತಿತ್ತು.
ಅಜ್ಜ ಒಂದು ಚೂರು ಮುಷ್ಟಿಯಲ್ಲಿ ಹಿಸುಕಿ
ಅಂಗೈಯ ಮಿಂಚು ನೋಡಿಕೊಂಡು ಅನ್ನುತ್ತಿದ್ದ:
"ಇದು ಎಮ್ಮಿ ಪಾಲು. ಬಿಡು."

ಬೂದಿ ಬಂದದ್ದು ಸಕ್ಕರೆ ಕಾರ್ಖಾನೆಯ ಬಾಯ್ಲರಿನಿಂದ.
ರಸ ಹೋಗಿ, ಸಿಪ್ಪೆ ಉರಿದು, ಉರಿದದ್ದೂ ತಣಿದು
ಲಾರಿಗಳು ರಸ್ತೆಬದಿಗೆ ಸುರಿದು ಹೋಗುವಂಥ ಬೂದಿ.
ಮೌಲಾಲಿ ಎರಡು ಗೊಬ್ಬರದ ಚೀಲ ತುಂಬಿ
ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ತಂದ,
ಹುಬ್ಬು ಮೀಸೆ ಎಲ್ಲ ಬೂದು,
ಬೆಳಗ್ಗೆ ಹೋದವ ಮಧ್ಯಾಹ್ನಕ್ಕೆ ಮುದುಕ.

ಕ್ಷಾರದಲ್ಲಿ ಕುದಿಸಿದೆವು, ಆಮ್ಲ ಹನಿಸಿದೆವು,
ತೊಳೆದೆವು, ಒಣಗಿಸಿದೆವು, ಮತ್ತೆ ತೊಳೆದೆವು.
ಕೊನೆಗೆ ಒಂದು ಬೊಗಸೆ ಬಿಳಿ ಹುಡಿ.
ಅದರ ಕಣ ಎಷ್ಟು ಸಣ್ಣದೆಂದರೆ
ಹೋಲಿಕೆ ಹುಡುಕಿದೆ. ಸಾಸಿವೆ, ಗಸಗಸೆ,
ಹಿಟ್ಟಿನ ಗಿರಣಿಯ ಜೇಡರಬಲೆ ಹಿಡಿದ ಧೂಳು,
ಎಲ್ಲವೂ ಅದರ ಮುಂದೆ ಗುಡ್ಡ.
ಹೋಲಿಕೆ ಬಿಟ್ಟೆ.

ಮೊದಲ ಸಲ ಉಪ್ಪುನೀರಿಗೆ ಹಾಕಿದಾಗ
ಕಣ ಕಣ ತಬ್ಬಿಕೊಂಡು ಗಂಟಾದವು,
ಅವಸರದಲ್ಲಿ ಮಾಡಿದ ಜುಣಕದಂತೆ.
ಕಲ್ಲಿನ ಬಾಯಿ ಕಟ್ಟಿತು. ಒತ್ತಡದ ಮುಳ್ಳು ಏರಿತು.
ರಾತ್ರಿ ಎರಡಕ್ಕೆ ಪಂಪು ಚೀರಿ ನಿಂತಿತು.
ಸರ್ ಬೈಯಲಿಲ್ಲ. ಚಹಾ ತರಿಸಿದರು.
ಬೈದಿದ್ದರೆ ಚೆನ್ನಾಗಿತ್ತು.

ಹನ್ನೊಂದು ಕಲ್ಲು ಹೀಗೆ ಹೋದವು.

ಭಾನುವಾರ ಊರಿಗೆ ಹೋದೆ.
ಆಯಿ ಬಚ್ಚಲ ಕಟ್ಟೆಯ ಮೇಲೆ ಕೂತು
ಎಣ್ಣೆ ಹಿಡಿದ ಹಿತ್ತಾಳೆ ಕೊಳಗ ತಿಕ್ಕುತ್ತಿದ್ದಳು,
ಬೂದಿ, ತೆಂಗಿನ ನಾರು, ಚೂರೇ ನೀರು.
"ಸೋಪು ತರಲೇನು?"
"ಸೋಪು ಮ್ಯಾಲಿಂದು ಮ್ಯಾಲೆ ಜಾರಸ್ತದ.
ಬೂದಿ ನಡುವ ಹೊಕ್ಕು ಬಿಡಸ್ತದ."
ಸ್ವಲ್ಪ ಸುಮ್ಮನಿದ್ದು,
"ಬಾಳ ಹಾಕಬಾರದು. ಮೆತ್ತತದ."

ಆಯಿ ಹೇಳಿದ್ದರಿಂದ ಪ್ರಯೋಗ ಗೆದ್ದಿತು
ಎಂದು ಬರೆದರೆ ಕತೆ ಚೆಂದ, ಆದರೆ ಸುಳ್ಳು.
ಸರ್ ಮೊದಲೇ ಉಪ್ಪು ಇಳಿಸಲು ಬರೆದಿಟ್ಟಿದ್ದರು.
ಅವಳ ಎರಡು ಮಾತು ಅವರ ಪುಸ್ತಕದಲ್ಲೂ ಇದ್ದವು,
ನಲವತ್ತು ಪುಟ, ಏಳು ಸಮೀಕರಣ.
ಎಣ್ಣೆಗೂ ಕಲ್ಲಿಗೂ ನಡುವೆ ಬೆಣೆಯಂತೆ ನುಗ್ಗಿ
ಕಣಗಳು ಮೆಲ್ಲಗೆ ಎಬ್ಬಿಸುತ್ತವಂತೆ,
ಎತ್ತುವುದಲ್ಲ, ಎಬ್ಬಿಸುವುದು.

ಹನ್ನೆರಡನೆಯ ಕಲ್ಲು.
ಪಂಪನ್ನು ಗಾಣದೆತ್ತಿನ ನಡಿಗೆಗೆ ಇಳಿಸಿದೆ.
ಗಾಜಿನ ನಳಿಗೆಯಲ್ಲಿ ಬರೀ ನೀರು.
ಹೋಟ೗ಿ ರಸ್ತೆಯ ಟ್ರಕ್ಕುಗಳು ಎಣಿಸಿದೆ.
ಮತ್ತೆ ಬರೀ ನೀರು.
ಫಜರ್ ನಮಾಜು ಮುಗಿಸಿ ಬಂದ ಮೌಲಾಲಿ
ಬಾಗಿಲಲ್ಲೇ ನಿಂತು "ಅಲ್ನೋಡ್ರಿ" ಅಂದ.
ನೀರಿನ ತಲೆಯ ಮೇಲೆ ಕರಿ ಹನಿ,
ಕೂಸಿನ ಕೆನ್ನೆಯ ದೃಷ್ಟಿಬೊಟ್ಟಿಗಿಂತ ಚಿಕ್ಕದು.
ಆಮೇಲೆ ಇನ್ನೊಂದು.

ನೂರಕ್ಕೆ ಏಳು ಹೆಚ್ಚು.
ಸರ್ ಫೋನಿನಲ್ಲಿ ಕೂಗುತ್ತಿದ್ದರು:
ಏಳು ಅಂದರೆ ಎಷ್ಟು ಹಡಗು ಗೊತ್ತೇನು,
ಎಷ್ಟು ವರ್ಷ, ಎಷ್ಟು ಊರು?
ನನಗೆ ಆ ಹೊತ್ತಿಗೆ ಹಡಗು ಕಾಣಲಿಲ್ಲ.
ಹಿಂಡಿ ಕಾದು ನಿಂತ ಎಮ್ಮೆಯ ಮೂತಿ ಕಂಡಿತು.

ರಿಜಿಸ್ಟರ್ ತೆರೆದೆ.
ನೀರಿಗೆ ಬಂದದ್ದು: ಐವತ್ತೆರಡು.
ಬೂದಿಗೆ ಬಂದದ್ದು: ಏಳು.
ಕಲ್ಲಿನಲ್ಲಿ ಉಳಿದದ್ದು: ನಲವತ್ತೊಂದು.
ಷರಾ ಎಂಬ ಕಾಲಂ ಖಾಲಿ ಇತ್ತು.
ಪೆನ್ಸಿಲಿನಲ್ಲಿ ಬರೆದೆ: ಎಮ್ಮಿ ಪಾಲು.

ಸರ್ ಬರುವುದರೊಳಗೆ ಅಳಿಸಬೇಕು.
ರಬ್ಬರು ಎಲ್ಲಿಟ್ಟೆನೋ.