ಕಡತಕ್ಕ ಮಸಿ ಬಳಿದಾಕಿ

ಹುಣಸೆ ಪಿಕ್ಕ ನಾಕು ಸೇರು. ಹುರಿದು, ಸಿಪ್ಪಿ ಕಳದು,
ಬೀಸಿ, ಕುದಿಸಿ ಸರಿ ಮಾಡಬೇಕು.
ಜಾಲಿ ಇದ್ದಿಲು ಅರೆದು ಅದಕ್ಕ ಕೂಡಿಸಿ
ಅರಿವಿಗೆ ಮೂರು ಸಲ ಬಳಿದರ ಒಂದು ಕಡತ.
ಒಂದು ಕಡತಕ್ಕ ದೊರೆತನದ ಮೂರು ವರ್ಷ.

ಮೋರೇರ ಗುಡ್ಡದ ಕೆಳಗ, ಹಿರೇಬೆಣಕಲ್ಲ ದಾರಿಯಾಗ
ಇಮ್ಮಡಿ ಜಂಬಣ್ಣ ನಾಯಕ ಆಳಿದ್ದು ಹದಿನೆಂಟು ವರ್ಷ.
ಐದು ಸಲ ಅಳಿಸೀನಿ ಆತನ್ನ, ಈ ಅಂಗೈಲೆ.
ಆರನೇದು ಹೇಳತೀನಿ.

ಓದಾಕ ಬರಂಗಿಲ್ಲ ನನಗ.
ಶಾನುಭೋಗ ವೆಂಗಣ್ಣಯ್ಯ ಬಳಪ ಎಳೆಯುವಾಗ
ಬಾಯಿಬಿಟ್ಟು ಓದಿಕೊಳ್ತಿದ್ದ, ಅಷ್ಟು ಕೇಳೀನಿ:
ಕುದುರಿ ಹನ್ನೆರಡು, ಅದರಾಗ ಕುಂಟು ಐದು.
ಕೋಟೆ ಬಾಗಿಲ ದೀಪಕ್ಕ ಎಣ್ಣಿ, ಸೊಲಗಿ ಎರಡು.
ಆದವಾನಿಗೆ ಕಪ್ಪ. ಮತ್ತ ಆದವಾನಿಗೆ ಕಪ್ಪ.
ರಾಣಿ ತವರಿಂದ ತಂದ ಸಾಲ, ತೀರಿಲ್ಲ.

ಭಟ್ಟಂಗಿಗಳು ಬೀದಿಯಾಗ ಕೂಗತಿದ್ರು,
ಗಂಡರ ಗಂಡ, ಮೂರು ರಾಯರ ಎದೆಶೂಲಿ ಅಂತ.
ನನಗ ನಗು. ಎದೆಶೂಲಿಗೆ ಆತನೇ
ಅಜಿವಾನ ತರಿಸಿದ್ದು ಎಡ ಮಡಿಕೆಯಾಗ ಇತ್ತು.

ಆದವಾನಿ ದಂಡು ಹೊಳಿ ದಾಟಿದ ರಾತ್ರಿ
ಮದ್ದು ತೂಗಲಿಲ್ಲ ಆತ, ಬುರುಜು ಹತ್ತಲಿಲ್ಲ.
ಒಬ್ಬನೇ ಬಂದ ನನ್ನ ಒಲಿ ಮುಂದ,
ಬಗಲಾಗ ಕಡತ, ಕಾಲಾಗ ಕೆರವಿಲ್ಲ.
"ಎಲ್ಲಾ ಅಳಿಸು" ಅಂದ.
"ಕೋಟೆ ಹೆಂಗೂ ಅವರದಾಗತೈತಿ.
ನನ್ನ ಮಂದಿ ಅವರ ಸಾಲಗಾರರಾಗೋದು ಬ್ಯಾಡ."

ಅರಿವಿ ಅದ್ದಿ ಒರೆಸಿದೆ.
ಗಾಣದ ಬಾಕಿ ಹೋತು. ಉಪ್ಪಾರರ ಸುಂಕ ಹೋತು.
ಮಗ್ಗದೆರಿ, ಮದುವಿದೆರಿ, ಹುಲ್ಲುಬನ್ನಿ,
ಸತ್ತ ಅಗಸರ ಗಿಡ್ಡ್ಯನ ಮೂರು ಹಣ, ಅದೂ ಹೋತು.
ಕರೀ ನೀರು ಮೊಣಕೈತನಕ ಇಳೀತಿತ್ತು.

ಕಡೀ ಮಡಿಕೆಗೆ ಕೈ ನಿಂತಿತು.
ಅಕ್ಷರ ಬರದಿದ್ರೂ ಆ ಸಾಲು ಎಲ್ಲೈತಿ ನನಗ ಗೊತ್ತು:
ಕಡತ ಬಳಿಯೋ ಹುಲಿಗೆವ್ವಗ ಉಂಬಳಿ,
ಹಳ್ಳದ ದಂಡಿಗೆ ಎರಡು ಕೊಳಗ ಬಿತ್ತೋ ಹೊಲ.
ಆತಗೂ ನೆನಪಿತ್ತು.
"ಅದೊಂದು ಬಿಡು" ಅಂದ.

ಒಂದೇ ಸಾಲು ಉಳಿದರ, ಉಳಕಿದ್ದು ಅಳಿಸಿದ್ದು ಅಂತ
ಕುರುಡಗೂ ತಿಳೀತೈತಿ, ದೊರಿ.
ಹೇಳಲಿಲ್ಲ. ಒರೆಸಿದೆ.

ಮುಂಜಾನೆ ಬಂದವರು ಕಾಗದ ತಂದಿದ್ರು, ಮಸಿಕುಡಿಕಿ ತಂದಿದ್ರು.
ಕಾಗದಕ್ಕ ಹುಣಸೆ ಪಿಕ್ಕ ಬೇಕಾಗಂಗಿಲ್ಲ.
ಹಳ್ಳದ ಹೊಲ ಯಾರದು ಅಂದ್ರು.
ಯಾರದೂ ಅಲ್ಲ ಅಂದೆ.
ಎಳ್ಳು ಹೂವಿಗೆ ಬಂದಿತ್ತು ಅದರಾಗ.

ಆಮ್ಯಾಲೆ ಲಾಯಕ್ಕ ಹೋಗಿ ಕುದುರಿ ಎಣಿಸಿದ್ರು. ಹನ್ನೊಂದು.
ಒಂದು ಕುಂಟ ಕುದುರಿ ಇರಲಿಲ್ಲ. ಆತನೂ ಇರಲಿಲ್ಲ.
ಹನ್ನೆರಡಿದ್ದವು ಅಂತ
ಅವರಿಗೆ ಯಾರು ಹೇಳಬೇಕು?