ಮಬಂಬಾ ಜೌಗಿನಲ್ಲಿ, ಎಫ್ ನಾಲ್ಕು

ಎಫ್ ನಾಲ್ಕಕ್ಕೆ ಕಣ್ಣು ಸಿಕ್ಕರೆ ಕೊಕ್ಕಿನ ತುದಿ ಮಂಜು.
ಎಂಟಕ್ಕೆ ಕೊಕ್ಕೂ ಸಿಕ್ಕೀತು, ಬೆಳಕು ಸಾಲದು.
ಐಎಸ್ಒ ಏರಿಸುತ್ತೇನೆ,
ಚಿತ್ರ ರವೆ ರವೆಯಾದರೂ ಸರಿ.

ವಿಕ್ಟೋರಿಯಾ ಸರೋವರದ ಅಂಚು. ದೋಣಿ ಸಣ್ಣಗೆ ಉಸಿರಾಡುತ್ತದೆ.
ಸೆಂಟಾಮು ಜಲ್ಲೆಯನ್ನು ಕೆಸರಿಗೆ ಊರಿ
ಮೈಭಾರವನ್ನೆಲ್ಲ ಅದಕ್ಕೆ ಕೊಟ್ಟು ನಿಂತಿದ್ದಾನೆ,
ನನ್ನ ಟ್ರೈಪಾಡು ಅವನೇ.

ಎದುರಿಗೆ ಷೂಬಿಲ್. ಮರದ ಪಾದುಕೆಯಂಥ ಕೊಕ್ಕು.
ಅರ್ಧ ಗಂಟೆಯಲ್ಲಿ ಕಣ್ಣು ಮಿಟುಕಿಸಿದ್ದು
ಎರಡೇ ಸಲ.

"ಇದನ್ನು ಕಂಡರೆ ಅಪ್ಪ ಬಲೆ ಮಡಚಿ ಮನೆಗೆ ಬರುತ್ತಿದ್ದ.
ಆ ದಿನ ಮೀನಿಲ್ಲ" ಎಂದ,
ತುಟಿ ಅಲುಗದಂತೆ.

ಗಾಳಿ. ಪಪೈರಸ್ ಎಸಳೊಂದು ಅಡ್ಡ ಬಂತು,
ಫೋಕಸ್ಸು ಅದರ ಬೆನ್ನು ಹತ್ತಿತು.
ಕ್ಲಿಕ್.
ಹಸಿರಿನ ನರನರವೂ ಸ್ಪಷ್ಟ; ಹಿಂದೆ
ಬೂದಿ ಬಣ್ಣದ್ದೇನೋ, ದೊಡ್ಡದು.

ಅಳಿಸಹೊರಟೆ. ಬೆರಳಿಟ್ಟು ತಡೆದ:
"ಇರಲಿ. ಅಪ್ಪನಿಗೆ ಕಂಡದ್ದು ಹೀಗೇ."